ಹೆಚ್ಚುವರಿ ಮಕ್ಕಳು

ಶಿವರತ್ನಮ್ಮನವರು ಹಕಾರ ನುಂಗುವವರಲ್ಲ. ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವ ಬಸ್ಸು ಕೈ ತೋರಿದರೆ ನಿಲ್ಲುವ ಗೊಬ್ಬಳಿಪುರದಲ್ಲಿ ಹಾಲು ಆಲಾಗಿ, ಹೊಲ ಒಲ ಆಗಿ, ಹೋಗು ಓಗು ಆಗಿ ಎಷ್ಟು ತಲೆಮಾರು ಕಳೆದವೋ ಹೇಳುವವರಿಲ್ಲ. ಆದರೆ ಯಳಂದೂರಿನಲ್ಲಿ ಪಿಯುಸಿ ಮುಗಿಸಿ, ಪುಟ್ಟಮಾದಪ್ಪನವರ ಹೆಂಡತಿಯಾಗಿ ಈ ಊರಿಗೆ ಬಂದ ಶಿವರತ್ನಮ್ಮ ಇಪ್ಪತ್ತೆರಡು ವರ್ಷದಿಂದ ತಮ್ಮ ಹಕಾರವನ್ನು ತವರಿನ ಒಡವೆಯ ಹಾಗೆ ಕಾಪಾಡಿಕೊಂಡಿದ್ದರು. ಕೊನೆಯ ಮಗಳು ಊರ ಶಾಲೆಯಲ್ಲಿ ಮೂರನೇ ತರಗತಿಗೆ ಬಂದಾಗ ಅವರನ್ನು ಶಾಲಾ ಸಮಿತಿಯ ಅಧ್ಯಕ್ಷೆ ಮಾಡಿದ್ದೂ ಮುಕ್ಕಾಲು ಪಾಲು ಆ ಹಕಾರಕ್ಕಾಗಿಯೇ. ‘ಆಪೀಸ್ನೋರ ಜತೆ ಮಾತಾಡಕೆ ಆಯಮ್ಮನೇ ಸರಿ’ ಎಂದು ಮೇಲಿನ ಬೀದಿಯ ಗಂಡಸರು ಒಪ್ಪಿದ್ದರು. ಮಾತಾಡಲಿಕ್ಕೆ ಆಯಮ್ಮ. ತೀರ್ಮಾನ ಮಾಡಲಿಕ್ಕೆ ಅವರೇ ಇದ್ದರಲ್ಲ.

ನವೆಂಬರಿನ ಒಂದು ಸೋಮವಾರ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಶಾಲೆಯ ಅಡುಗೆ ಕೋಣೆಯಲ್ಲಿ ಪುಟ್ಟಗೌರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಶಿವರತ್ನಮ್ಮ ಬೇಳೆಯ ಚೀಲ ಬಿಚ್ಚಿ ಹುಳ ಬಿದ್ದಿದೆಯೇ ಎಂದು ನೋಡುತ್ತಿದ್ದರು. ಆ ಹೊತ್ತಿಗೆ ಕೋಮಲ ಮೇಡಂ ಬಾಗಿಲಲ್ಲಿ ಬಂದು ನಿಂತರು. ಶಾಲೆಯ ಮೂವರು ಶಿಕ್ಷಕರಲ್ಲಿ ಅವರೇ ಚಿಕ್ಕವರು. ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಬಂದು ಒಂದು, ಎರಡನೇ ತರಗತಿಗೆ ಪಾಠ ಮಾಡುವವರು.

‘ನನ್ನನ್ನ ಇಲ್ಲಿಂದ ಎತ್ತಿಬಿಟ್ಟಿದ್ದಾರೆ ಅಮ್ಮ’ ಎಂದರು. ‘ಶನಿವಾರ ಕೌನ್ಸೆಲಿಂಗ್ ಅಂತೆ. ಯಾವ ಊರು ಖಾಲಿ ಇದೆಯೋ ಅಲ್ಲಿಗೆ.’

ಶಿವರತ್ನಮ್ಮ ಕಾಗದ ಇಸಿದುಕೊಂಡು ಓದಿದರು. ‘ಸದರಿ ಶಾಲೆಯ ಸಮಿತಿ ಅಧ್ಯಕ್ಷರು ಹೆಚ್ಚುವರಿ ಶಿಕ್ಷಕರ ಬಗ್ಗೆ ಸಲ್ಲಿಸಿದ ಮನವಿಯನ್ನು ಪರಿಶೀಲಿಸಲಾಗಿ, ದಾಖಲಾದ ಐವತ್ತೆಂಟು ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕಾಗುವುದರಿಂದ, ಕಿರಿಯರಾದ ಕೋಮಲ ಅವರನ್ನು ಹೆಚ್ಚುವರಿ ಎಂದು ಗುರುತಿಸಲಾಗಿದೆ.’

ಎರಡನೇ ಸಲ ಓದಿದರು. ಮನವಿ ಬರೆದ ಅಧ್ಯಕ್ಷರು ತಾವೇ.

‘ನಾನು ಕೇಳಿದ್ದು ಇನ್ನೊಬ್ಬರನ್ನ ಕೊಡಿ ಅಂತ’ ಎಂದರು.

‘ಏನಂತ ಬರ್ದಿದ್ರಿ ಅಮ್ಮಾರೆ?’ ಪುಟ್ಟಗೌರಮ್ಮ ಕೇಳಿದರು.

‘ಹೆಚ್ಚುವರಿ ಶಿಕ್ಷಕರ ಬಗ್ಗೆ ಅಂತ.’

‘ಎಚ್ಚುವರಿ ಅಂದ್ರೆ?’

‘ಇನ್ನೂ ಬೇಕು ಅಂತ.’

ಪುಟ್ಟಗೌರಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು. ‘ನಮ್ಮನೇಲಿ ಅನ್ನ ಎಚ್ಚಾಯ್ತು ಅಂದ್ರೆ ಇನ್ನೂ ಬೇಕು ಅಂತ ಅಲ್ಲ ಕಣ್ರಮ್ಮ. ತಕಂಡೋಗಿ ನಾಯಿಗಾಕು ಅಂತ.’

ಕೋಮಲ ಮೇಡಂ ನಗಲಿಕ್ಕೆ ಹೋದರು. ನಗು ಅರ್ಧಕ್ಕೇ ನಿಂತಿತು.

ಆ ಪದವನ್ನು ಶಿವರತ್ನಮ್ಮ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ. ಅಮಾವಾಸ್ಯೆ ಬಂದರೆ ಮಾದಪ್ಪನ ಬೆಟ್ಟಕ್ಕೆ ‘ಹೆಚ್ಚುವರಿ ಬಸ್’ ಬಿಡುತ್ತಾರೆ ಎಂದು ಪೇಪರಿನಲ್ಲಿ ಬರುತ್ತದೆ. ಬಸ್ಸು ಕಡಿಮೆ ಮಾಡುತ್ತಾರೆಂದು ಅದನ್ನು ಓದಿದವರು ಯಾರೂ ತಿಳಿಯುವುದಿಲ್ಲ. ‘ಇನ್ನೊಬ್ಬ ಮೇಡಂ ಕೊಡಿ’ ಎಂದು ಬರೆಯಲು ಅವರಿಗೆ ನಾಚಿಕೆಯಾಗಿತ್ತು; ಅದು ಬಾವಿಕಟ್ಟೆಯ ಮಾತಿನ ಹಾಗೆ ಕಂಡಿತ್ತು. ಕಚೇರಿಗೆ ಕಚೇರಿಯ ಮಾತೇ ಬೇಕು ಎಂದುಕೊಂಡಿದ್ದರು. ಸಿಕ್ಕ ಪದ ತುಂಬಾ ಚೆನ್ನಾಗಿತ್ತು, ಮೊದಲ ಅಕ್ಷರವೇ ಹಕಾರ.

ಇನ್ನೊಬ್ಬರು ಬೇಕಾಗಿದ್ದಂತೂ ನಿಜ. ಗೊಬ್ಬಳಿಪುರದ ಶಾಲೆಗೆ ಇರುವುದು ಎರಡು ಕೊಠಡಿ, ಒಂದು ಪಡಸಾಲೆ. ನಾಲ್ಕು ವರ್ಷದ ಹಿಂದೆ ನಲವತ್ತೊಂದು ಮಕ್ಕಳಿದ್ದರು. ಎರಡು ವರ್ಷದ ಹಿಂದೆ ಇಲ್ಲಿಗೂ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ, ಹನೂರಿನ ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದ ಮೇಲಿನ ಬೀದಿಯ ಹದಿನೇಳು ಮಕ್ಕಳು ವಾಪಸು ಬಂದರು. ಆ ಹದಿನೇಳು ಹೆಸರು ಒಂದೇ ವಾರದಲ್ಲಿ ಕಂಪ್ಯೂಟರಿಗೆ ಏರಿದವು. ಅದೇ ವರ್ಷ ಕಾಡಂಚಿನ ಪುಟ್ಟ ಹಳ್ಳಿ ನೆಲ್ಲಿಮರದ ದೊಡ್ಡಿಯ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ನಿವೃತ್ತರಾದರು, ಸೂರಿನ ಹೆಂಚು ಕುಸಿಯಿತು, ಬಾಗಿಲಿಗೆ ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಚೀಟಿ ಬಿತ್ತು. ಆ ದೊಡ್ಡಿ ಮತ್ತು ಅದರ ಪಕ್ಕದ ಎರಡು ದೊಡ್ಡಿಗಳ ನಲವತ್ತಾರು ಮಕ್ಕಳು ಎರಡೂವರೆ ಕಿಲೋಮೀಟರ್ ನಡೆದು ಗೊಬ್ಬಳಿಪುರಕ್ಕೆ ಬರತೊಡಗಿದರು. ಅವರ ಹೆಸರು ಮಾತ್ರ ಇನ್ನೂ ಆ ಮುಚ್ಚಿದ ಶಾಲೆಯಲ್ಲೇ ಕುಳಿತಿತ್ತು.

ಹೀಗೆ ಕಾಗದದಲ್ಲಿ ಐವತ್ತೆಂಟು, ನೆಲದ ಮೇಲೆ ನೂರಾ ನಾಲ್ಕು. ಒಂದು, ಎರಡನೇ ತರಗತಿಯವರಿಗೆ ಕೊಠಡಿಯಲ್ಲಿ ಜಾಗವಿಲ್ಲದೆ ಹಾಲಿನ ಡೈರಿಯಲ್ಲಿ ಪಾಠ ನಡೆಯುತ್ತಿತ್ತು. ಬೆಳಿಗ್ಗೆ ಹಾಲು ಅಳೆದು ಮುಗಿದ ಮೇಲೆ ನೆಲ ತೊಳೆದು ಚಾಪೆ ಹಾಸುವುದು, ಸಂಜೆ ಹಾಲು ಬರುವ ಮುಂಚೆ ಸುತ್ತುವುದು. ಹಸಿಹಾಲಿನ ಹುಳಿ ವಾಸನೆಯಲ್ಲಿ, ಕ್ಯಾನುಗಳ ನಡುವೆ ಕೋಮಲ ಮೇಡಂ ಅಕ್ಷರ ತಿದ್ದಿಸುತ್ತಿದ್ದರು. ದೊಡ್ಡಿಯ ಪುಟ್ಟಸಿದ್ದಯ್ಯನವರ ಮೊಮ್ಮಗಳು ದೀಪ ಜೂನ್‌ನಲ್ಲಿ ಬಾಯೇ ಬಿಡದವಳು, ಈಗ ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿನ ಬೋರ್ಡನ್ನು ಕೂಗಿ ಓದುತ್ತಿದ್ದಳು. ಕೋಮಲ ಮೇಡಂ ಹೋದರೆ ಆ ಡೈರಿಯ ಬಾಗಿಲು ಹಗಲು ಹೊತ್ತು ಮುಚ್ಚಿಕೊಳ್ಳುತ್ತದೆ. ದೊಡ್ಡಿಯ ಚಿಕ್ಕ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಡೈರಿಯ ಜಗಲಿಯ ಮೇಲೆ ಸಮಿತಿ ಸೇರಿತು. ಪುಟ್ಟಮಾದಪ್ಪ ಹಣೆಯ ವಿಭೂತಿ ಅಳಿಸದ ಹಾಗೆ ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ ಗೋಡೆಗೆ ಒರಗಿದರು. ಮೇಲಿನ ಬೀದಿಯ ಹಿರಿಯ ಕೆಂಪನಂಜಪ್ಪ ಕುರ್ಚಿಯ ಮೇಲೆ, ಹೆಡ್ ಮೇಷ್ಟ್ರು ಗುರುಪ್ರಕಾಶ್ ಬೆಂಚಿನ ಮೇಲೆ ಕುಳಿತರು. ಪುಟ್ಟಸಿದ್ದಯ್ಯ ಮೆಟ್ಟಿಲ ಮೇಲೆ. ಮೇಲೆ ಬಂದು ಕೂರಿ ಎಂದು ಅವರಿಗೆ ಯಾರೂ ಅನ್ನಲಿಲ್ಲ.

‘ದೇವ್ರು ಮಾಡೋದು ಒಳ್ಳೇದ್ಕೇ ಕಣ್ರಿ’ ಎಂದರು ಕೆಂಪನಂಜಪ್ಪ. ‘ಐವತ್ತೆಂಟಕ್ಕೆ ಇಬ್ರು ಸಾಕು.’

‘ನೂರಾ ನಾಲ್ಕಕ್ಕೆ?’ ಶಿವರತ್ನಮ್ಮ ಕೇಳಿದರು.

‘ಮಿಕ್ಕಿದ್ದು ನಮ್ದಾ ತಾಯಿ? ನೀವೇ ಬರ್ದಿದ್ದೀರಲ್ಲ ಒಳ್ಳೆ ಪದ. ಅವು ಎಚ್ಚುವರಿ.’

ಜಗಲಿಯ ಮೇಲಿದ್ದವರು ನಕ್ಕರು. ಪುಟ್ಟಸಿದ್ದಯ್ಯ ತಲೆ ಎತ್ತಿದರು. ಮೇಲಿನ ಬೀದಿಯವರನ್ನು ಬುದ್ದಿ ಎಂದು ಕರೆದು ರೂಢಿಯಾದ ಬಾಯಿ ಅವರದು. ಅಂದು ಹೆಸರು ಹಿಡಿದರು.

‘ಕೆಂಪನಂಜಪ್ಪಾರೆ, ಓಟಿಗ್ ಬಂದಾಗ ನಮ್ ದೊಡ್ಡೀಲಿ ಒಂದೊಂದು ತಲೇನೂ ಎಣ್ಸಕಂಡು ಓದ್ರಲ್ಲ. ಅವತ್ತು ಯಾರೂ ಎಚ್ಚುವರಿ ಇರ್ನಿಲ್ವಾ?’

‘ಲೇ, ಸ್ಕೂಲ್ ಮಾತ್ಗೆ ಓಟ್ ಯಾಕ್ಲಾ ತತ್ತೀಯೆ?’

‘ಎಣ್ಸಕೆ ಬತ್ತದೆ ಅಂತ ಗೊತ್ತಿತ್ತಲ್ಲ, ಅದ್ಕೆ ಅಂದೆ.’

ಗುರುಪ್ರಕಾಶ್ ಗಂಟಲು ಸರಿಮಾಡಿಕೊಂಡರು. ‘ಟಿ.ಸಿ. ಇಲ್ಲದೆ ಹೆಸರು ಹತ್ತಿಸೋಕೆ ಬರೋದಿಲ್ಲ ಸಿದ್ದಯ್ಯ. ಟಿ.ಸಿ. ಕೊಡೋಕೆ ಅಲ್ಲಿ ಹೆಡ್ ಮಾಸ್ಟರ್ ಇಲ್ಲ. ನೋಡೋಣ.’

‘ಎರಡು ವರ್ಸದಿಂದ ನೋಡ್ತಾನೇ ಇದ್ದೀರಿ ಸಾ. ಕಣ್ಣು ನೋಯಾಕಿಲ್ವಾ?’

ಪುಟ್ಟಮಾದಪ್ಪ ಒಂದು ಮಾತೂ ಆಡಲಿಲ್ಲ. ಅವರ ಮೌನಕ್ಕೆ ಬೇರು ಇತ್ತು, ಅದು ಶಾಲೆಯ ಹಿಂದಿನ ನೆಲದಲ್ಲಿತ್ತು. ಅವರ ತಂದೆ ಶಾಲೆಗೆಂದು ಬರೆದುಕೊಟ್ಟ ಅರ್ಧ ಎಕರೆಯಲ್ಲಿ ಮುಂದಿನ ಭಾಗದಲ್ಲಿ ಕಟ್ಟಡ ಎದ್ದಿತು. ಹಿಂದಿನ ಭಾಗ ಖಾಲಿ ಬಿದ್ದಿತ್ತು. ಹನ್ನೊಂದು ವರ್ಷದ ಹಿಂದೆ ಪುಟ್ಟಮಾದಪ್ಪ ಅಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟರು, ರೇಷ್ಮೆ ಹುಳ ಮೇಯಿಸಲು. ನಲವತ್ತಾರು ಮಕ್ಕಳು ಕಾಗದಕ್ಕೆ ಬಂದರೆ ಕೊಠಡಿ ಬರುತ್ತದೆ. ಕೊಠಡಿ ಬಂದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ. ಇದನ್ನು ಊರಿನಲ್ಲಿ ಎಲ್ಲರೂ ಬಲ್ಲರು. ಬಲ್ಲದ್ದನ್ನು ಬಾಯಿಬಿಟ್ಟು ಹೇಳದಿರುವುದನ್ನು ಊರು ಮರ್ಯಾದೆ ಎನ್ನುತ್ತದೆ. ಅದರ ಬೆಲೆ ತೆರುವವರು ಮಾತ್ರ ಯಾವಾಗಲೂ ಮೆಟ್ಟಿಲ ಮೇಲೆ ಕುಳಿತವರು.

ಮನೆಗೆ ಬಂದ ಮೇಲೆ ಪುಟ್ಟಮಾದಪ್ಪ ಮಾತಾಡಿದರು. ಹುಳಮನೆಯಲ್ಲಿ, ಅಗಲ ಬಿದಿರು ತಟ್ಟೆಗಳ ಮುಂದೆ ನಿಂತು.

‘ಮೂರನೇ ಜ್ವರಕ್ಕೆ ಕೂತವೆ’ ಎಂದರು. ಹುಳ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ತಲೆಯೆತ್ತಿ ಕೂರುವುದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ‘ಇನ್ನೊಂದ್ ವಾರಕ್ಕೆ ನಾಲ್ಕನೇದೂ ಎದ್ಬುಟ್ರೆ ಸೊಪ್ಪು ಎಷ್ಟ್ ಆಕುದ್ರೂ ಸಾಲಾಕಿಲ್ಲ. ಈಗ ಬಂದು ಅಳತೆ ಪಳತೆ ಅಂದ್ರೆ ನಾನೇನ್ ಮಾಡ್ಲಿ?’

‘ಅದು ಶಾಲೆ ಜಾಗ ಅಲ್ವಾ?’

‘ಯಾರ್ ಇಲ್ಲ ಅಂದ್ರು? ನೀನ್ ಸುಮ್ನಿದ್ಬುಡು ರತ್ನ. ನಿನ್ ತಪ್ಪಲ್ಲ, ಪದದ್ ತಪ್ಪು.’

ಅದು ಶಿವರತ್ನಮ್ಮನವರಿಗೆ ಬೇಕಾಗಿದ್ದ ಮಾತೇ. ರಾತ್ರಿ ಅದನ್ನೇ ಹೊದ್ದು ಮಲಗಿದರು. ಬೆಳಿಗ್ಗೆ ಎದ್ದಾಗ ಅದು ಮೈಗೆ ಸಾಲಲಿಲ್ಲ.

ಮಂಗಳವಾರ ಶಿವರತ್ನಮ್ಮ, ಪುಟ್ಟಸಿದ್ದಯ್ಯ, ಪುಟ್ಟಗೌರಮ್ಮ ಮೂವರೂ ಕಚೇರಿಗೆ ಹೋದರು. ಪ್ರಭುಸ್ವಾಮಿ ಎಂಬ ಗುಮಾಸ್ತರು ಫೈಲು ತೆಗೆದರು. ಒಳ್ಳೆಯ ಮನುಷ್ಯ, ಕುರ್ಚಿ ಮೂರು ಇರಲಿಲ್ಲವೆಂದು ತಾವೂ ಎದ್ದು ನಿಂತರು.

‘ಅಮ್ಮ, ಶಿಕ್ಷಕರು ಹೆಚ್ಚುವರಿ ಅಂದ್ರೆ ನಮ್ಮಲ್ಲಿ ಮಿಕ್ಕಿದವರು ಅಂತ. ಕೊಠಡಿ ಹೆಚ್ಚುವರಿ ಅಂದ್ರೆ ಬೇಕಾಗಿರೋದು ಅಂತ. ನೀವು ಎರಡನ್ನೂ ಒಂದೇ ಅರ್ಜೀಲಿ ಬರೆದಿದ್ದೀರಿ. ಇದು ಮಿಕ್ಕಿದವರನ್ನ ಹುಡುಕೋ ಕಾಲ. ಸರಿಯಾಗಿ ಬಂದು ಬಾಗಿಲಿಗೆ ಬಿತ್ತು.’

‘ಹೆಚ್ಚುವರಿ ಜಿಲ್ಲಾಧಿಕಾರಿ ಅಂತ ಇರ್ತಾರಲ್ಲ’ ಎಂದರು ಶಿವರತ್ನಮ್ಮ. ‘ಅವರು ಮಿಕ್ಕಿದವರಾ?’

ಪ್ರಭುಸ್ವಾಮಿ ಬಾಗಿಲ ಕಡೆ ನೋಡಿ ನಕ್ಕರು. ‘ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ ತಾಯಿ.’

‘ಹಾಗಾದ್ರೆ ಇದು ಪದದ ತಪ್ಪು. ತಿದ್ದಿಬಿಡಿ.’

ಪ್ರಭುಸ್ವಾಮಿ ಫೈಲನ್ನು ಅವರ ಕಡೆ ತಿರುಗಿಸಿದರು. ತಿಂಗಳು ತಿಂಗಳಿನ ಹಾಜರಾತಿ ಪಟ್ಟಿ. ಪ್ರತಿ ಹಾಳೆಯಲ್ಲಿ ‘ಒಟ್ಟು ಮಕ್ಕಳು: 58’. ಕೆಳಗೆ ಗುರುಪ್ರಕಾಶರ ಗೀಚು. ಅದರ ಪಕ್ಕದಲ್ಲಿ ದುಂಡಗೆ, ಒಂದು ಒತ್ತಕ್ಷರವೂ ತಪ್ಪದ ಸಹಿ: ಶಿವರತ್ನಮ್ಮ. ಹಾಳೆ ಮಗುಚಿದಷ್ಟೂ ಅದೇ.

‘ಪದ ಫೈಲನ್ನ ಬಾಗಿಲಿಗೆ ತಂತು, ಅಷ್ಟೇ’ ಎಂದರು ಪ್ರಭುಸ್ವಾಮಿ. ‘ಒಳಗೆ ತಳ್ಳಿದ್ದು ಈ ಐವತ್ತೆಂಟು.’

ಪುಟ್ಟಸಿದ್ದಯ್ಯನವರಿಗೆ ಓದಲು ಬರುವುದಿಲ್ಲ. ಆದರೆ ಒಂದೇ ಥರದ ಗುರುತು ಮತ್ತೆ ಮತ್ತೆ ಬರುವುದು ಕಣ್ಣಿಗೆ ಕಾಣುತ್ತದೆ. ‘ಇದು ಯಾರ್ ಸೈನು?’ ಎಂದು ಕೇಳಿದರು.

‘ನಂದು.’

ಅವರು ಫೈಲನ್ನು ಮೆಲ್ಲಗೆ ಗುಮಾಸ್ತರ ಕಡೆ ಸರಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವರತ್ನಮ್ಮನವರಿಗೆ ಅನ್ನಿಸಿತು.

ಪ್ರಭುಸ್ವಾಮಿ ದಾರಿ ಹೇಳಿದರು. ಮುಚ್ಚಿದ ಶಾಲೆಯ ಮಕ್ಕಳಿಗೆ ಟಿ.ಸಿ. ಬೇಕಿಲ್ಲ, ತಂದೆತಾಯಿ ಒಂದೊಂದು ಹಾಳೆಯಲ್ಲಿ ಬರೆದುಕೊಟ್ಟರೆ ಕಚೇರಿಯೇ ಹೆಸರು ಬದಲಾಯಿಸುತ್ತದೆ. ಗುರುವಾರ ಕಚೇರಿಯಿಂದ ಮಾಲಿನಿ ಮೇಡಂ ಬಂದು ತಲೆ ಎಣಿಸುತ್ತಾರೆ. ಅವರು ಬರೆದುಕೊಟ್ಟರೆ ಶನಿವಾರದ ಪಟ್ಟಿಯಿಂದ ಕೋಮಲ ಅವರ ಹೆಸರು ಹೊರಗೆ.

‘ಒಂದು ಆಳೆಯಾ?’ ಪುಟ್ಟಗೌರಮ್ಮ ಕೇಳಿದರು. ‘ಎರಡು ವರ್ಸ ಒಂದು ಆಳೆಗ್ ಕಾದ್ವಾ?’

ಬುಧವಾರ ಶಿವರತ್ನಮ್ಮ ಪುಟ್ಟಗೌರಮ್ಮನವರ ಜೊತೆ ನೆಲ್ಲಿಮರದ ದೊಡ್ಡಿಗೆ ನಡೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕಲ್ಲುದಾರಿ, ಎರಡು ಕಡೆ ಲಾಂಟಾನ ಪೊದೆ, ನಡುವೆ ಒಂದು ಹಳ್ಳ. ಹಳ್ಳ ದಾಟುವಾಗ ಅವರ ಚಪ್ಪಲಿಯ ಉಂಗುಷ್ಠ ಕಿತ್ತಿತು. ದಿನಾ ಇದನ್ನು ಆರು ವರ್ಷದ ಮಕ್ಕಳು ದಾಟುತ್ತಾರೆ ಎಂಬುದು ಗೊತ್ತಿದ್ದ ಸಂಗತಿಯೇ. ಆದರೆ ತಲೆಗೆ ಗೊತ್ತಿರುವುದು ಬೇರೆ, ಕಾಲಿಗೆ ಗೊತ್ತಾಗುವುದು ಬೇರೆ.

ಪುಟ್ಟಸಿದ್ದಯ್ಯನವರ ಮನೆ ಮುಂದೆ ಹೆಂಗಸರು ಸೇರಿದ್ದರು. ಒಂದೊಂದು ಹಾಳೆಗೆ ಒಂದೊಂದು ಹೆಸರು ಬರೆಯುತ್ತಾ ಹೋದಂತೆ, ಮನೆಯೊಳಗಿಂದ ಬಂದ ತಾಯಂದಿರ ಕೈಯಲ್ಲಿ ಚಿಕ್ಕ ಚಿಕ್ಕ ಗಂಟು. ಬಿಚ್ಚಿದರೆ ಅಕ್ಕಿ, ಕೆಲವರದರಲ್ಲಿ ಅವರೆಕಾಳು.

‘ಇದೇನು?’

ಪುಟ್ಟಗೌರಮ್ಮ ನೆಲ ನೋಡಿದರು. ‘ಪಡಿ ಕಣ್ರಮ್ಮ. ಸ್ಕೂಲ್ ಪಡಿ. ಐವತ್ತೆಂಟಕ್ಕೆ ಬರೋ ಅಕ್ಕೀಲಿ ನೂರಾ ನಾಲ್ಕು ತಟ್ಟೆ ಎಂಗ್ ತುಂಬಲಿ? ಬೆಟ್ಟದ್ ಮಾದಪ್ಪನ ಗುಡ್ಡರು ಬಿಕ್ಸಕ್ ಬಂದ್ರೆ ಪಡಿ ಕೊಡಕಿಲ್ವಾ, ಅಂಗೇ ಇವ್ರು ವಾರಕ್ಕೊಂದ್ ಸಲ ಕೊಡ್ತಾರೆ. ಏಳಿದ್ರೆ ನಿಮ್ ಸೈನು ಕೆಡ್ತದೆ ಅಂತ ಏಳ್ನಿಲ್ಲ.’

ಸರ್ಕಾರ ಹಾಕಬೇಕಾದ ಅನ್ನವನ್ನು ಕೂಲಿ ಮಾಡುವ ತಾಯಂದಿರು ಬೊಗಸೆಯಲ್ಲಿ ತಂದು ಹಾಕುತ್ತಿದ್ದರು. ತಮ್ಮ ಮಕ್ಕಳಿಗಷ್ಟೇ ಅಲ್ಲ. ಡಬರಿ ಒಂದೇ, ಆ ಅಕ್ಕಿ ಮೇಲಿನ ಬೀದಿಯ ಮಕ್ಕಳ ತಟ್ಟೆಗೂ ಬೀಳುತ್ತಿತ್ತು. ಶಿವರತ್ನಮ್ಮನವರ ಮಗಳ ತಟ್ಟೆಗೂ.

ನಲವತ್ತಾರು ಹಾಳೆ ಮುಗಿದ ಮೇಲೆ ಹೊಸ ಮನವಿಯನ್ನು ಅಲ್ಲೇ, ಜಗಲಿಯ ಮೇಲೆ ಕುಳಿತು ಬರೆದರು. ಬರೆದು ಗಟ್ಟಿಯಾಗಿ ಓದಿದರು. ‘ನಮ್ಮ ಶಾಲೆಯಲ್ಲಿ ನೂರಾ ನಾಲ್ಕು ಮಕ್ಕಳಿದ್ದಾರೆ. ಇರುವ ಮೂವರು ಶಿಕ್ಷಕರಲ್ಲಿ ಯಾರನ್ನೂ ಕಳಿಸಬೇಡಿ. ಇನ್ನೊಬ್ಬರನ್ನು ಕೊಡಿ. ಇನ್ನೆರಡು ಕೊಠಡಿ ಕಟ್ಟಿಸಿಕೊಡಿ. ಜಾಗ ಶಾಲೆಯ ಹಿಂದೆ ಇದೆ.’

ಪುಟ್ಟಮಾದಮ್ಮ ಎಂಬ ಮುದುಕಿ ಕಿವಿಗೆ ಕೈ ಒಡ್ಡಿ ಕೇಳಿಸಿಕೊಂಡಿದ್ದರು. ಅವರ ಮನೆಮಾತು ಅರ್ಧ ತಮಿಳು. ‘ಪಳ್ಳಿಕೂಡಕ್ಕೆ ಇನ್ನೊಂದ್ ಟೀಚರಮ್ಮ ಬೇಕು, ಇರೋ ಟೀಚರಮ್ಮ ಓಗಬಾರ್ದು. ಅಷ್ಟೇ ತಾನೆ?’

‘ಅಷ್ಟೇ.’

‘ಎಲ್ಲಾರ್ಗೂ ತಿಳಿತದೆ. ಮೊದ್ಲೇ ಇಂಗ್ ಬರೀಬಾರ್ದಿತ್ತಾ, ಮಗಳೆ?’

ಗುರುವಾರ ಮಾಲಿನಿ ಮೇಡಂ ಬಂದರು. ಧಾರವಾಡದ ಕಡೆಯವರು, ಈ ಸೀಮೆಗೆ ಬಂದು ನಾಲ್ಕು ತಿಂಗಳಾಗಿತ್ತು. ಎಣಿಕೆಗೆ ಅವರು ಊಟದ ಹೊತ್ತನ್ನೇ ಆರಿಸಿಕೊಂಡರು. ಮಕ್ಕಳು ಅಲುಗಾಡದೆ ಕೂರುವುದು ಆಗ ಮಾತ್ರ ಎಂದರು. ಪಡಸಾಲೆ, ಅಂಗಳ, ಹೊಂಗೆ ಮರದ ಬುಡ, ಹಿಪ್ಪುನೇರಳೆಯ ಬದು, ಎಲ್ಲೆಲ್ಲಿ ಕೂರಲು ನೆಲವಿತ್ತೋ ಅಲ್ಲೆಲ್ಲ ತಟ್ಟೆ. ನೂರಾ ಮೂರು. ಒಬ್ಬ ಹುಡುಗನಿಗೆ ಜ್ವರ, ಬಂದಿರಲಿಲ್ಲ.

ಸುತ್ತ ಜನ ಕೂಡಿದ್ದರು. ಮಾಲಿನಿ ಮೇಡಂ ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಒಂದು ಹಳೆಯ ಪಟ್ಟಿ, ಒಂದು ಅಂದಿನದು.

‘ಅಲ್ಲಿ ಐವತ್ತೆಂಟು ಐತಿ, ಇಲ್ಲಿ ನೂರಾ ಮೂರು. ಎರಡೂ ಖರೆ ಆಗಾಕ ಸಾಧ್ಯ ಇಲ್ಲ. ಯಾವುದು ಸುಳ್ಳು?’

ಗುರುಪ್ರಕಾಶ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಹಿಂದಿನಿಂದ ಪುಟ್ಟಸಿದ್ದಯ್ಯ ಹೇಳಿದರು:

‘ಇಂದಿನ್ ಲೆಕ್ಕ ಸುಳ್ಳು ಕಣವ್ವ.’

ಮಾಲಿನಿ ಮೇಡಂ ಅವರನ್ನು ನೋಡಿದರು. ‘ಇಂದಿನ ಲೆಕ್ಕ?’

‘ಊಂ ಕಣವ್ವ. ಇಂದಿನ್ದು ಪೂರಾ ಸುಳ್ಳು. ನಾನೇ ಏಳ್ತಾ ಇವ್ನಲ್ಲ.’

ಮೇಡಂ ಬರೆಯತೊಡಗಿದರು. ‘ಇಂದಿನ ಎಣಿಕೆ ಸುಳ್ಳು ಎಂದು ಗ್ರಾಮಸ್ಥರೇ…’

ಹಿಂದಿನದು ಎಂದೇ ಪುಟ್ಟಸಿದ್ದಯ್ಯ ಹೇಳಿದ್ದರು. ಅವರ ಬಾಯಲ್ಲಿ, ಅವರ ಅಪ್ಪನ ಬಾಯಲ್ಲಿ, ಇಡೀ ಸೀಮೆಯ ಬಾಯಲ್ಲಿ ಅದು ಹಾಗೇ ಹೊರಡುತ್ತದೆ. ಅಲ್ಲಿ ನೆರೆದಿದ್ದ ಪ್ರತಿಯೊಬ್ಬರಿಗೂ ಅದು ಸರಿಯಾಗಿಯೇ ಕೇಳಿಸಿತ್ತು. ಕೆಂಪನಂಜಪ್ಪನವರಿಗೂ.

‘ಬರ್ಕಳಿ ಮೇಡಂ, ಬರ್ಕಳಿ’ ಎಂದರು ಕೆಂಪನಂಜಪ್ಪ. ‘ಅವರ್ ಕಡೆಯೋರೇ ಒಪ್ಕಂಡ್ರಲ್ಲ. ಅಕ್ಕಪಕ್ಕದ್ ಮಕ್ಳನ್ನೆಲ್ಲ ತಂದ್ ಕೂರ್ಸವ್ರೆ.’

ಪುಟ್ಟಸಿದ್ದಯ್ಯನವರಿಗೆ ಏನಾಯಿತೆಂದು ತಿಳಿಯಲಿಲ್ಲ. ತಾವು ಆಡಿದ ಮಾತನ್ನೇ ಹಿಡಿದು ಯಾರೋ ತಮ್ಮನ್ನು ಕಟ್ಟಿಹಾಕುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ಅಂಥದ್ದು ಅವರಿಗೆ ಹೊಸದಲ್ಲ. ಡೈರಿಯ ಬಾಗಿಲಲ್ಲಿ ಕೋಮಲ ಮೇಡಂ ನಿಂತಿದ್ದರು. ದೀಪ ಅವರ ಸೆರಗಿನ ತುದಿ ಹಿಡಿದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಶಿವರತ್ನಮ್ಮ ಗಂಡನ ಕಡೆ ನೋಡಿದರು. ಪುಟ್ಟಮಾದಪ್ಪ ಹಿಪ್ಪುನೇರಳೆ ಸಾಲಿನ ಪಕ್ಕದಲ್ಲಿ, ಒಂದು ಕಡ್ಡಿ ಹಿಡಿದು ನಿಂತಿದ್ದರು. ಬೇಡ ಎಂದು ತಲೆಯಾಡಿಸಿದರೋ, ಸುಮ್ಮನೆ ತಲೆ ಬಗ್ಗಿಸಿದರೋ ಅಷ್ಟು ದೂರಕ್ಕೆ ಕಾಣಲಿಲ್ಲ.

‘ಮೇಡಂ, ಬರೆಯೋದು ನಿಲ್ಲಿಸಿ’ ಎಂದರು ಶಿವರತ್ನಮ್ಮ. ‘ಅವರು ಹೇಳಿದ್ದು ಇಂದಿನದು ಅಲ್ಲ.’

‘ಮತ್ತ?’

ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವರು ಆ ಜನರ ನಡುವೆ ಹೊರತೆಗೆದರು.

‘ಹಿಂದಿನದು. ಹಾವಿನ ಹ, ಹಿಂದಿನದು. ಆ ಐವತ್ತೆಂಟು ಸುಳ್ಳು. ನಲವತ್ತಾರು ಮಕ್ಕಳು ಕಣ್ಣ ಮುಂದೆ ಇರೋವಾಗ, ಗೊತ್ತಿದ್ದೂ ನಾನು ಸಹಿ ಹಾಕಿದೆ. ಎರಡು ವರ್ಷ ಹಾಕಿದೆ. ಹಾಗೇ ಬರ್ಕೊಳ್ಳಿ.’

ಮಾಲಿನಿ ಮೇಡಂ ಪೆನ್ನು ಕೆಳಗಿಟ್ಟರು. ‘ಬರದ್ರ ನಿಮಗ ನೋಟಿಸ್ ಬರತೈತ್ರಿ ಅಕ್ಕಾರ. ಅಧ್ಯಕ್ಷಗಿರಿ ಉಳಿಯೂದಿಲ್ಲ.’

‘ಬರಲಿ. ಮಕ್ಕಳು ಉಳೀತಾರಲ್ಲ.’

‘ಯಾಕ ಹಾಕಿದ್ರಿ?’

ಇದಕ್ಕೆ ಉತ್ತರ ಕೊಡುವುದು ಹೆಚ್ಚು ಕಷ್ಟವಾಯಿತು. ಹಾಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೆದರಿಸಿರಲಿಲ್ಲ. ಹಾಳೆ ಬಂತು, ಸಹಿ ಚೆನ್ನಾಗಿ ಬರಲಿ ಎಂದು ನೋಡಿಕೊಂಡರು, ಅಷ್ಟೇ.

‘ಅವರು ನಮ್ಮ ಊರಿನ ಮಕ್ಕಳು ಅಂತ ನನಗೆ ಅನ್ನಿಸಿರಲಿಲ್ಲ’ ಎಂದರು.

ಆ ಮಾತನ್ನು ಮಾಲಿನಿ ಮೇಡಂ ಬರೆದುಕೊಳ್ಳಲಿಲ್ಲ. ಹಿಂದಿನ ಸಾಲನ್ನು ಹೊಡೆದು ಹಾಕಿ, ಹೊಸ ಸಾಲು ಬರೆದು, ಹಾಳೆಯನ್ನು ಶಿವರತ್ನಮ್ಮನವರ ಕಡೆ ಸರಿಸಿದರು. ಅವರು ಸಹಿ ಹಾಕಿದರು. ಈ ಸಲ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ.

ಕೆಂಪನಂಜಪ್ಪ ಹೊರಡುವಾಗ ಪುಟ್ಟಮಾದಪ್ಪನವರ ಹತ್ತಿರ ನಿಂತು ಹೇಳಿದರು: ‘ಎಂಡ್ರಿಗೆ ಓದ್ಸಬಾರ್ದು ಕಣಪ್ಪ.’

‘ನಾನ್ ಓದುಸ್ನಿಲ್ಲ’ ಎಂದರು ಪುಟ್ಟಮಾದಪ್ಪ. ‘ಅವ್ರಪ್ಪ ಓದ್ಸಿದ್ದು.’

ಶನಿವಾರದ ಪಟ್ಟಿಯಲ್ಲಿ ಕೋಮಲ ಮೇಡಂ ಹೆಸರು ಇರಲಿಲ್ಲ. ಸೋಮವಾರ ಅವರು ಎಂದಿನ ಬಸ್ಸಿನಲ್ಲೇ ಬಂದಿಳಿದರು. ದೀಪ ಬಸ್ಸಿನ ಬೋರ್ಡನ್ನು ಕೂಗಿ ಓದಿದಳು. ಅದೇ ದಿನ ಶಿವರತ್ನಮ್ಮನವರಿಗೆ ನೋಟಿಸೂ ಬಂತು. ಅದರಲ್ಲಿ ಹೆಚ್ಚುವರಿ ಎಂಬ ಪದ ಎಲ್ಲೂ ಇರಲಿಲ್ಲ; ಅರ್ಥವಾಗದ ಒಂದು ಪದವೂ ಇರಲಿಲ್ಲ.

ಎರಡು ದಿನ ಬಿಟ್ಟು ಸರ್ವೆಯವರು ಸರಪಳಿ ತಂದರು. ಹಿಪ್ಪುನೇರಳೆಯ ನಡುವೆ ನಾಲ್ಕು ಗೂಟ ಹೊಡೆಯಬೇಕು, ಗಿಡ ಸವರಬೇಕು ಎಂದರು. ಪುಟ್ಟಮಾದಪ್ಪ ಗಿಡಗಳ ಮುಂದೆ ನಿಂತರು.

‘ಜಾಗ ನಂದು ಅನ್ನಾಕಿಲ್ಲ. ನಾಲ್ಕನೇ ಜ್ವರ ಎದ್ದವೆ, ಹುಳ ಹಸ್ಕಂಡವೆ. ಎಂಟ್ ದಿನ ಸೊಪ್ಪು ಆಯ್ಬೇಕು. ಎಂಟ್ ದಿನ ಬುಟ್ಟು ಬನ್ನಿ.’

ಅವರ ಬಾಯಲ್ಲಿ ಎರಡು ಹಕಾರ ಬಂದುದನ್ನು ಶಿವರತ್ನಮ್ಮ ಗಮನಿಸಿದರು. ಆಫೀಸಿನವರ ಮುಂದೆ ನಿಂತು ಬೇಡುವಾಗ ಅವರಿಗೂ ಅದು ಬಂದುಬಿಟ್ಟಿತ್ತು.

‘ಎಂಟು ದಿನ ಬಿಟ್ಟರೆ ನಾವು ಬರೋದು ಎಂಟು ತಿಂಗಳಿಗೆ’ ಎಂದರು ಸರ್ವೆಯವರು.

ಗೂಟ ಹೊರಲು ದೊಡ್ಡಿಯಿಂದ ಬಂದವರಲ್ಲಿ ಪುಟ್ಟಸಿದ್ದಯ್ಯನವರೂ ಇದ್ದರು. ಹೆಗಲ ಮೇಲಿನ ಗೂಟ ಇಳಿಸಿ ಹತ್ತಿರ ಬಂದರು.

‘ನಮ್ದೂ ಅರ್ಧ ಎಕ್ರೆ ಕಡ್ಡಿ ಅದೆ’ ಎಂದರು. ‘ಈ ಸಲ ನಾವ್ ಉಳ ಕಟ್ನಿಲ್ಲ. ಸೊಪ್ಪು ಸುಮ್ನೆ ಒಣಗ್ತಾ ಅದೆ. ಎಂಟ್ ದಿನ ನಾವ್ ತಂದಾಕ್ತೀವಿ.’

ಪುಟ್ಟಮಾದಪ್ಪ ತಮ್ಮ ಗಿಡಗಳ ಕಡೆ ತಿರುಗಿದರು. ದೊಡ್ಡಿಯ ಸೊಪ್ಪು, ಮೇಲಿನ ಬೀದಿಯ ಹುಳಮನೆಗೆ. ಹಾಗೆ ಎಂದೂ ಆಗಿರಲಿಲ್ಲ.

‘ಯಾಕೆ ಅಪ್ಪಾರೆ, ಯೋಚ್ನೆ ಮಾಡ್ತೀರಿ’ ಎಂದರು ಪುಟ್ಟಸಿದ್ದಯ್ಯ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಹೆಚ್ಚು ತಾಗುವಂತಿತ್ತು. ‘ನಮ್ ಅಕ್ಕಿ ನಿಮ್ ಮಕ್ಳಿಗೆ ಆಯ್ತದೆ. ನಮ್ ಸೊಪ್ಪು ನಿಮ್ ಉಳಕ್ಕೆ ಆಗಾಕಿಲ್ವಾ?’

ಪುಟ್ಟಮಾದಪ್ಪ ಹೆಂಡತಿಯ ಮುಖ ನೋಡಿದರು. ಅಕ್ಕಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಶಿವರತ್ನಮ್ಮ ಹೌದೆಂದು ತಲೆಯಾಡಿಸಿದರು. ಪುಟ್ಟಮಾದಪ್ಪ ಗಿಡಗಳ ಮುಂದಿನಿಂದ ಪಕ್ಕಕ್ಕೆ ಸರಿದರು. ಸರಪಳಿ ಅವರ ಕಾಲ ಪಕ್ಕದಲ್ಲೇ ಹರಿದುಹೋಯಿತು.

ಸಂಜೆ ದೊಡ್ಡಿಯಿಂದ ಏಳು ಹೊರೆ ಸೊಪ್ಪು ಬಂತು. ಪುಟ್ಟಮಾದಪ್ಪ ಒಂದು ಎಲೆ ಕಿತ್ತು, ಎರಡು ಬೆರಳಿನ ನಡುವೆ ಮಡಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ‘ಒಳ್ಳೆ ಸೊಪ್ಪೇ’ ಎಂದರು. ತಟ್ಟೆಯ ಮೇಲೆ ಹರಡಿದರು. ಹುಳ ಮೇಲೇರಿ ಮೇಯತೊಡಗಿದವು. ಹುಳಮನೆ ತುಂಬ ಆ ಸರಸರ ಸದ್ದು. ಶಿವರತ್ನಮ್ಮ ಇನ್ನೊಂದು ಹೊರೆ ಬಿಚ್ಚಿದರು.

ಪುಟ್ಟಮಾದಪ್ಪ ತಟ್ಟೆಯ ಮೇಲೆ ಬಗ್ಗಿದರು. ಹುಳ ದಪ್ಪಗಾಗಿದ್ದವು, ಒಂದರ ಮೇಲೊಂದು ಹತ್ತಿ, ಅಂಚಿಗೆ ಬಂದು ಕೆಳಗೆ ಬೀಳುವಂತಿದ್ದವು. ಮೂವತ್ತು ವರ್ಷದಿಂದ ಹುಳ ಕಟ್ಟಿದ ಕೈ, ಯೋಚಿಸದೆಯೇ ಅಂಚಿನ ಹುಳಗಳನ್ನು ಒಂದೊಂದಾಗಿ ಮೆತ್ತಗೆ ಎತ್ತತೊಡಗಿತು.

‘ಎಚ್ಚಾಗವೆ ರತ್ನ’ ಎಂದರು. ‘ಒತ್ತೊತ್ತಾಗಿ ಬುಟ್ರೆ ಕೆಟ್ಟೋಯ್ತವೆ. ಇನ್ನೊಂದ್ ತಟ್ಟೆ ತಕಂಡ್ ಬಾ.’

ಮಾತು ಮುಗಿದ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು.

ಶಿವರತ್ನಮ್ಮ ಒಳಗೆ ಹೋಗಿ ತಟ್ಟೆ ತಂದರು. ಒಂದಲ್ಲ, ಎರಡು.